ಈಶ್ವರಯ್ಯನ ಮಚ್ಚಿನ ಠೇವಣಿ

ಮನುಷ್ಯ ಹಾಸನಕ್ಕೆ ಹೋಗಿಬರುವುದರಲ್ಲಿ ತಪ್ಪೇನೂ ಇಲ್ಲ. ಹೋಗಿಬಂದು ಸುಮ್ಮನಿರದಿದ್ದರೆ ಮಾತ್ರ ಊರಿಗೆ ತೊಂದರೆ. ತಿಮ್ಮನಕೊಪ್ಪಲಿನ ಗ್ರಂಥಿಗೆ ಅಂಗಡಿಯ ಈಶ್ವರಯ್ಯ ಮೂವತ್ತೆಂಟನೆಯ ಇಸವಿಯ ಬೇಸಗೆಯಲ್ಲಿ ಯಾರದೋ ವ್ಯಾಜ್ಯಕ್ಕೆ ಸಾಕ್ಷಿ ಹೇಳಲು ಹಾಸನಕ್ಕೆ ಹೋದ. ಅವನ ಸಾಕ್ಷ್ಯವನ್ನು ಅಲ್ಲಿ ಯಾರೂ ಕೇಳಲಿಲ್ಲ. ಆದರೆ ಒಂದು ದೊಡ್ಡ ಕಟ್ಟಡದ ಬಾಗಿಲಲ್ಲಿ ಡವಾಲಿ ಹಾಕಿದ ಜವಾನನೊಬ್ಬ ಅವನ ಕೊಡೆಯನ್ನು ಇಸಿದುಕೊಂಡು, ಇಪ್ಪತ್ತೇಳು ಎಂದು ಕೊರೆದಿದ್ದ ಹಿತ್ತಾಳೆ ಬಿಲ್ಲೆಯೊಂದನ್ನು ಕೊಟ್ಟ. ಸಂಜೆ ಬಿಲ್ಲೆ ಕೊಟ್ಟರೆ ಕೊಡೆ ಬಂತು. ನೂರು ಕೊಡೆಗಳ ನಡುವಿನಿಂದ ಇವನದೇ ಕೊಡೆ, ಅದೇ ಮುರಿದ ಕಡ್ಡಿಯ ಸಮೇತ!

ಅಂದಿನಿಂದ ಊರಿಗೆ ನೆಮ್ಮದಿ ಇಲ್ಲವಾಯಿತು. ಓಮಿನಕಾಳು ಕೇಳಲು ಬಂದವರು ಮೊದಲು ಬಿಲ್ಲೆಯ ಕಥೆ ಕೇಳಬೇಕಾಗಿತ್ತು. ಹೊಟ್ಟೆನೋವಿಗೆ ಇಂಗು ಕೇಳಲು ಬಂದವರು ಕಥೆ ಮುಗಿಯುವುದರೊಳಗೆ ವಾಸಿಯಾಗಿ ಬರಿಗೈಯಲ್ಲಿ ಹೋಗುತ್ತಿದ್ದರು.

"ಆ ಕೊಡೆ ಕಳೆದುಹೋಗಿದ್ರೆ ಒಂದೇ ದಿನಕ್ಕೆ ಮುಗೀತಿತ್ತು. ವಾಪಸ್ ಬಂದು ನನ್ನ ಪ್ರಾಣ ತಿಂತಾ ಇದೆ" ಎಂದು ಹೆಂಡತಿ ದಾಕ್ಷಾಯಣಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ತಿಮ್ಮನಕೊಪ್ಪಲು ಚನ್ನರಾಯಪಟ್ಟಣದಿಂದ ಬಾಗೂರಿಗೆ ಹೋಗುವ ದಾರಿಯ ಮಗ್ಗುಲಲ್ಲಿರುವ ಊರು. ಹೇಳಿಕೊಳ್ಳಲು ಅದಕ್ಕೊಂದು ಕೋಟೆಯಿಲ್ಲ, ಕಲ್ಲಿನ ದೇವಸ್ಥಾನವಿಲ್ಲ. ಇದ್ದದ್ದು ಮಂಗಳವಾರದ ಸಂತೆ ಒಂದೇ. ಅದರಿಂದ ಊರಿನ ಅರ್ಧ ಒಲೆ ಉರಿಯುತ್ತಿತ್ತು, ಈಶ್ವರಯ್ಯನದೂ ಸೇರಿ. ಅಂಥ ಸಂತೆಗೆ ಕುತ್ತು ಬಂದದ್ದು ಒಂದು ಮೇಕೆಯಿಂದ.

ಮೇಕೆ ಸತ್ತು ಹತ್ತು ವರ್ಷವಾಗಿತ್ತು. ಬದುಕಿದ್ದಾಗ ಅದು ದೊಡ್ಡಯ್ಯನ ಮೇಕೆ. ದೊಡ್ಡಯ್ಯನ ದಾಯಾದಿ ಗಂಗಯ್ಯ ಮಗಳ ಮದುವೆಗೆ ಚಪ್ಪರ ಹಾಕಿ ಬಾಳೆಕಂದು ಕಟ್ಟಿದ್ದ. ಗಂಡಿನ ಕಡೆಯವರು ಬಂದು ಬಾಗಿಲಲ್ಲಿ ನಿಲ್ಲುವ ಹೊತ್ತಿಗೆ ಸರಿಯಾಗಿ ಮೇಕೆ ಬಲಗಡೆಯ ಕಂದನ್ನು ಮುಗಿಸಿ ಎಡಗಡೆಯದಕ್ಕೆ ಬಾಯಿ ಹಾಕಿತ್ತು. ಮದುವೆಯೇನೋ ಆಯಿತು. ಮಗಳಿಗೆ ಈಗ ಮೂರು ಮಕ್ಕಳು, ಸುಖವಾಗಿದ್ದಾಳೆ. ಆದರೆ ದೊಡ್ಡಯ್ಯ, ಗಂಗಯ್ಯ ಇಬ್ಬರಿಗೂ ಅಂದಿನಿಂದ ಮಾತಿಲ್ಲ. ಹನ್ನೊಂದು ವರ್ಷ ಒಳಗೇ ಕುದಿದ ಜಗಳ ಆ ವರ್ಷದ ಶ್ರಾವಣದಲ್ಲಿ, ಸಂತೆಯ ಕುಂಬಳಕಾಯಿ ರಾಶಿಯ ಆಚೆ ಒಬ್ಬ ಈಚೆ ಒಬ್ಬ ನಿಂತಾಗ, ಮಚ್ಚು ಎತ್ತುವವರೆಗೆ ಬಂತು.

ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಮೂರು ಕುಂಬಳಕಾಯಿ ಹೋಳಾದವು. ಬಿಡಿಸಲು ಹೋದ ಪೋಲೀಸು ದಫೇದಾರ್ ಮಂಜುನಾಥಯ್ಯನವರ ರುಮಾಲು ಬಿಚ್ಚಿಕೊಂಡು ಕೆಸರಿಗೆ ಬಿತ್ತು. ಕುಂಬಳಕಾಯಿ ಊರಿನದು, ರುಮಾಲು ಸರ್ಕಾರದ್ದು. ಎಂಟೇ ದಿನದಲ್ಲಿ ಅಮಲ್ದಾರರ ಹುಕುಂ ಬಂತು: ಇನ್ನೊಂದು ಸಲ ಸಂತೆಯಲ್ಲಿ ಮಚ್ಚು ಮೇಲೆದ್ದರೆ ಸಂತೆ ಬಂದ್. ಬಾಗೂರಿನ ಸಂತೆಗೆ ಅದನ್ನು ಸೇರಿಸಲಾಗುವುದು.

ಅರಳಿಕಟ್ಟೆಯಲ್ಲಿ ಊರು ಸೇರಿತು. ಪಟೇಲರು, "ಯಾರೂ ಮಚ್ಚು ತರ್ಬೇಡಿ ಕಣ್ರಪ್ಪ, ಮುಗೀತು" ಎಂದರು.

"ಮಚ್ಚಿಲ್ದೆ ಬರೋದ್ ಎಂಗೆ ಸಾಮಿ? ಬರ್ತಾ ಸೊಪ್ಪು ಕಡೀಬೇಕು, ಓಯ್ತಾ ಸೌದೆ ಕಡೀಬೇಕು, ನಡುಮಧ್ಯ ಕುಲುಮೇಲಿ ತಟ್ಟಿಸ್ಕಬೇಕು. ಸೊಂಟ ಬುಟ್ಟು ಬನ್ನಿ ಅಂದಂಗಾಯ್ತು" ಎಂದಿತು ಸಭೆ.

ಆಗ ಈಶ್ವರಯ್ಯ ಎದ್ದು ನಿಂತ. "ಹಾಸನದಲ್ಲಿ..." ಎಂದ. ಅರ್ಧ ಸಭೆ ಎದ್ದು ಹೊರಟಿತು. ಆದರೆ ಅವತ್ತು ಅವನ ಮುಖದಲ್ಲಿ ಒಂದು ಹಟ ಇತ್ತು. "ಕೂತ್ಕೊಳ್ಳಿ! ಸಂತೆ ಹೋದ್ರೆ ನಾನೂ ಹೋದೆ, ನೀವೂ ಹೋದಿರಿ. ಹಾಸನದಲ್ಲಿ ಕೊಡೆ ಇಸ್ಕೊಂಡ ಹಾಗೆ ನಾನು ಸಂತೆ ಬಾಯಲ್ಲಿ ಕೂತು ಎಲ್ಲರ ಮಚ್ಚೂ ಇಸ್ಕೊಳ್ತೀನಿ. ಬಿಲ್ಲೆ ಕೊಡ್ತೀನಿ. ಸಂಜೆ ಬಿಲ್ಲೆ ತನ್ನಿ, ಮಚ್ಚು ತಗೊಳ್ಳಿ. ಕೈಯಲ್ಲಿ ಮಚ್ಚಿಲ್ಲ ಅಂದ್ಮೇಲೆ ಏನು ಎತ್ತಿ ಹೊಡೆದಾಡ್ತೀರಿ, ಬದನೆಕಾಯಿನಾ?"

ಆಶ್ಚರ್ಯವೆಂದರೆ ಊರಿಗೆ ಈ ಮಾತು ಹಿಡಿಸಿತು. ಪಟೇಲರು ತಲೆ ಕೆರೆದುಕೊಂಡು, "ಆ ಕೆಲಸಕ್ಕೆ ನಮ್ಮ ತೋಟಿ ತಮ್ಮಯ್ಯನ್ನ ಕೂರ್ಸಿದ್ರೆ? ಅವನಿಗೆ ಊರಿನ ಮಚ್ಚೆಲ್ಲಾ ಗುರುತು" ಎಂದರು. ಅದು ನಿಜ. ಕಟ್ಟೆಯ ಕೆಳಗೆ, ನಾಲ್ಕು ಮಾರು ದೂರದಲ್ಲಿ ನಿಂತಿದ್ದ ತಮ್ಮಯ್ಯ ದಿನವೂ ಎಲ್ಲರ ಹಿತ್ತಲಿನಲ್ಲೂ ತನ್ನ ಮಚ್ಚಿನಿಂದ ಸೌದೆ ಒಡೆಯುತ್ತಿದ್ದವನು. ಹಿಡಿ ನೋಡಿದರೆ ಸಾಕು, ಯಾರ ಮಚ್ಚು ಎಂದು ಹೇಳುತ್ತಿದ್ದ.

"ತೋಟಿ ಮುಟ್ಟಿದ ಮಚ್ಚಲ್ಲಿ ಆಮೇಲೆ ಊಟದ ಎಲೆ ಕುಯ್ಯೋದ್ ಎಂಗೆ?" ಎಂದು ಯಾರೋ ಕೇಳಿದರು. ಆ ಮಾತಿಗೆ ಎಲ್ಲರೂ ತಲೆದೂಗಿದರು. ಹೀಗೆ, ಊರಿನ ಅಷ್ಟೂ ಮಚ್ಚುಗಳನ್ನು ಬಲ್ಲ ಒಬ್ಬನೇ ಮನುಷ್ಯನನ್ನು ಬಿಟ್ಟು, ತನ್ನ ಕೊಡೆಯೊಂದನ್ನೇ ಬಲ್ಲವನಿಗೆ ಕೆಲಸ ವಹಿಸಲಾಯಿತು.

"ಇನ್ನೊಂದು ಮಾತು. ಕಬ್ಬಿಣ ಕೈಯಿಂದ ಕೈಗೆ ಕೊಡೋ ಹಾಗಿಲ್ಲ" ಎಂದ ಈಶ್ವರಯ್ಯ. ಯಾರೂ ಎದುರಾಡಲಿಲ್ಲ. ಕತ್ತಿಯನ್ನೋ ಕುಡುಗೋಲನ್ನೋ ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವನಿಗೂ ಇಸಿದುಕೊಂಡವನಿಗೂ ಜಗಳ ಬರುತ್ತದೆಂಬುದು ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ನೆಲಕ್ಕಿಡಬೇಕು, ಇನ್ನೊಬ್ಬ ನೆಲದಿಂದ ಎತ್ತಿಕೊಳ್ಳಬೇಕು. "ಜಗಳ ತಪ್ಪಿಸೋ ಕೆಲಸದಲ್ಲೇ ಜಗಳ ಬರಬಾರದು ನೋಡಿ."

ಕೆಳಗಿನಿಂದ ತಮ್ಮಯ್ಯ ಹೇಳಿದ: "ನಮ್ಗೆ ಎಲ್ಲಾನೂ ನೆಲಕ್ಕಿಕ್ಕೇ ಕೊಡೋದು ಬುದ್ದಿ. ಉಪ್ಪು, ಎಲೆಅಡಿಕೆ, ಕೂಲಿ ರಾಗಿ, ಎಲ್ಲಾನೂವೆ. ಅದ್ಕೇ ನೋಡಿ, ನಮ್ಗೂ ನಿಮ್ಗೂ ಇವತ್ತಿನಗಂಟ ಜಗಳಾನೇ ಬಂದಿಲ್ಲ."

ಸಭೆ ನಕ್ಕಿತು. ತಮ್ಮಯ್ಯನೂ ನಕ್ಕ, ಸ್ವಲ್ಪ ತಡವಾಗಿ.

ಇನ್ನು ಬಿಲ್ಲೆಯ ಸಮಸ್ಯೆ. ಹಿತ್ತಾಳೆ ತರಲು ಊರಿಗೆ ಶಕ್ತಿಯಿಲ್ಲ. ಅಂಕೆ ಬರೆದ ಚೀಟಿ ಕೊಟ್ಟರೆ ಓದುವವರಿಲ್ಲ. ಈಶ್ವರಯ್ಯ ಎರಡು ದಿನ ಊಟ ಬಿಟ್ಟು ಯೋಚಿಸುತ್ತಿರುವಾಗ ದಾಕ್ಷಾಯಣಮ್ಮ ರೇಗಿ, "ನಿಮ್ಮ ಡಬ್ಬಿಗಳಲ್ಲಿರೋ ಬೇರುನಾರು ಹಂಚಿ ಹೋಗಿ!" ಎಂದಳು. ಹೆಂಡತಿ ಬೈದದ್ದನ್ನು ಸಲಹೆ ಎಂದು ತಿಳಿಯುವ ಗಂಡಸರಲ್ಲಿ ಅವನೂ ಒಬ್ಬ. ಅಂಗಡಿಯಲ್ಲಿ ಮೂವತ್ತೆಂಟು ಡಬ್ಬಿಗಳಿದ್ದವು. ಒಂದೊಂದರಲ್ಲಿ ಒಂದೊಂದು ಸಾಮಾನು. ಮಚ್ಚು ಇಟ್ಟವನಿಗೆ ಒಂದು ಅರಿಶಿನದ ಕೊಂಬು ಕೊಟ್ಟು, ಅಂಥದೇ ಇನ್ನೊಂದು ಕೊಂಬನ್ನು ಮಚ್ಚಿಗೆ ಕಟ್ಟಿಬಿಟ್ಟರೆ? ಮುಂದಿನವನಿಗೆ ಜಾಯಿಕಾಯಿ, ಅವನ ಹಿಂದಿನವನಿಗೆ ಒಣಶುಂಠಿ! ಹಾಸನದವರಿಗೂ ಹೊಳೆಯದ ಉಪಾಯ ಇದು ಎಂದು ಅವನ ಎದೆ ಉಬ್ಬಿತು.

ಮಂಗಳವಾರ ಬೆಳಿಗ್ಗೆ ಸಂತೆಯ ಬಾಯಲ್ಲಿ ಗೋಣಿ ಹಾಸಿ ಕೂತ. ತಮ್ಮಯ್ಯ ದೂರದಲ್ಲಿ ತಮಟೆ ಬಡಿದು ಸಾರಿದ. ಜನ ಬಂದರು, ಮಚ್ಚು ನೆಲಕ್ಕಿಟ್ಟರು. ಈಶ್ವರಯ್ಯ ಮಚ್ಚನ್ನು ಎತ್ತಿಕೊಂಡು, ಅಂಗಡಿಯವನ ಕೈಯಲ್ಲವೆ, ಹಿಡಿ ಬಾಯಿ ಏನೂ ಕಾಣದಂತೆ ಬಾಳೆಪಟ್ಟೆಯಲ್ಲಿ ಸುತ್ತಿ, ನಾರಿನಿಂದ ಬಿಗಿದು ಪೊಟ್ಟಣ ಕಟ್ಟಿಬಿಟ್ಟ. "ಮನೆ ಮುಟ್ಟೋವರೆಗೂ ಪೊಟ್ಟಣ ಬಿಚ್ಚಬಾರದು. ದಾರೀಲೂ ಕೈಗೆ ಮಚ್ಚು ಸಿಗಬಾರದು" ಎಂದು ಕಟ್ಟುನಿಟ್ಟು ಮಾಡಿದ.

ದೊಡ್ಡಯ್ಯ, ಗಂಗಯ್ಯ ಇಬ್ಬರೂ ಇನ್ನೊಬ್ಬ ಮೊದಲು ಇಡಲಿ ಎಂದು ಹುಣಸೆಮರದ ಎರಡು ಕಡೆ ನಿಂತು ಕಾದರು. ಕೊನೆಗೆ ದಫೇದಾರರು ಕೆಮ್ಮಿದ ಮೇಲೆ ಬಂದರು. ಅಷ್ಟು ಹೊತ್ತಿಗೆ ಮೂವತ್ತೆಂಟು ಡಬ್ಬಿಗಳ ಸರದಿಯೂ ಮುಗಿದಿತ್ತು. ಲವಂಗ ಕೊನೆಯ ಡಬ್ಬಿ. ಅದನ್ನು ಗಂಗಯ್ಯನಿಗೆ ಒಂದು ಕೊಟ್ಟಾಗಿತ್ತು. ಈಶ್ವರಯ್ಯ ತಡಬಡಾಯಿಸದೆ ದೊಡ್ಡಯ್ಯನಿಗೆ ಎರಡು ಲವಂಗ ಕೊಟ್ಟ. ಎಲ್ಲರೂ ಆದ ಮೇಲೆ ತಮ್ಮಯ್ಯ ಬಂದು ತನ್ನ ಮಚ್ಚನ್ನೂ ಇಟ್ಟು ದೂರ ಸರಿದ. ತೋಟಿಗೆ ಮೂರು ಲವಂಗ ಕೊಡಲು ಈಶ್ವರಯ್ಯನ ಜೀವ ಒಪ್ಪಲಿಲ್ಲ. ಗೋಣಿಯಡಿ ಬಿದ್ದಿದ್ದ ಅಳಲೆಕಾಯಿಯೊಂದನ್ನು ಒಡೆದು ಅರ್ಧ ಮಚ್ಚಿಗೆ ಕಟ್ಟಿ, ಅರ್ಧವನ್ನು ನೆಲಕ್ಕಿಟ್ಟ. ತಮ್ಮಯ್ಯ ಅದನ್ನು ಪಂಚೆಯ ಸೆರಗಿಗೆ ಗಂಟು ಹಾಕಿಕೊಂಡ.

ಅಂದು ಸಂತೆ ಎಷ್ಟು ಶಾಂತವಾಗಿತ್ತೆಂದರೆ ದಫೇದಾರರು ಕಡಲೆಪುರಿ ತಿಂದು ನೆರಳಿನಲ್ಲಿ ತೂಕಡಿಸಿದರು. ಈಶ್ವರಯ್ಯ ಆ ದೃಶ್ಯವನ್ನು ಕಣ್ತುಂಬ ನೋಡಿದ.

ಸಂಜೆ ಬಿಲ್ಲೆಗಳನ್ನು ಕೇಳಿದ ಮೇಲೆ ತಿಳಿಯಿತು, ತಿನ್ನುವ ಪದಾರ್ಥವನ್ನು ನಮ್ಮ ಜನರ ಕೈಗೆ ಕೊಟ್ಟು ಸಂಜೆಯವರೆಗೆ ಇಟ್ಟುಕೊಳ್ಳಿ ಎಂದರೆ ಏನಾಗುತ್ತದೆ ಎಂಬುದು.

"ಬಿಲ್ಲೆ ಎಲ್ಲಯ್ಯಾ?"

"ಶುಂಠಿ ಅಲ್ವರಾ? ನಮ್ಮವ್ವಂಗೆ ನೆಗಡಿ ಆಗಿತ್ತು. ಕಷಾಯಕ್ಕೆ ಆಕ್ಬುಟ್ಲು."

"ನಿಂದು?"

"ಜಾಯಿಕಾಯಿ ಸಾ. ಮಗ ಅಳ್ತಿತ್ತು, ತೇದು ನೆಕ್ಕಿಸ್ದೆ. ಈಗ ನೋಡಿ ಎಂಗೆ ಮಲ್ಗದೆ!"

ಒಬ್ಬ ಏಲಕ್ಕಿಯನ್ನು ಎಲೆಅಡಿಕೆಗೆ ಹಾಕಿ ಅಗಿದುಬಿಟ್ಟಿದ್ದ. ಬಾಯಿ ತೆರೆದು, "ಬೇಕಾದ್ರೆ ಮೂಸಿ ನೋಡಿ" ಎಂದು ಪ್ರಮಾಣ ತೋರಿಸಲು ಬಂದ. ಹೊತ್ತು ಇಳಿಯುತ್ತಿತ್ತು, ದನ ಕಟ್ಟಬೇಕೆಂದು ಜನ ಬೊಬ್ಬೆ ಹಾಕುತ್ತಿದ್ದರು. ಈಶ್ವರಯ್ಯ ಧೈರ್ಯಗೆಡಲಿಲ್ಲ. ಬಿಲ್ಲೆಯಿಲ್ಲದ ಬರೀ ಬಾಯಿಮಾತನ್ನು ನಂಬಿ ಮಚ್ಚು ಕೊಡುವುದು ಹಾಸನದ ಕ್ರಮವಲ್ಲ. ಉದ್ದನೆಯವನಿಗೆ ಉದ್ದನೆಯ ಪೊಟ್ಟಣ, ಗಿಡ್ಡನೆಯವನಿಗೆ ಗಿಡ್ಡನೆಯದು ಎಂಬ ನ್ಯಾಯದ ಮೇಲೆ ಹಂಚತೊಡಗಿದ. ದೊಡ್ಡಯ್ಯ ಬಂದು ಒಂದು ಲವಂಗ ತೋರಿಸಿದ. ಇನ್ನೊಂದು ಮಧ್ಯಾಹ್ನ ಹಲ್ಲುನೋವಿಗೆ ಹೋಗಿತ್ತು. ಒಂದು ಲವಂಗದ ಪೊಟ್ಟಣವನ್ನು ಅವನ ಮುಂದಿಟ್ಟ. ಆಮೇಲೆ ಗಂಗಯ್ಯ ಬಂದು ಅವನೂ ಒಂದು ಲವಂಗ ತೋರಿಸಿದ. ಉಳಿದಿದ್ದದ್ದು ಎರಡು ಲವಂಗದ ಪೊಟ್ಟಣ.

"ಇನ್ನೊಂದು ತಿಂದುಬಿಟ್ಟಿದ್ದೀಯ" ಎಂದ ಈಶ್ವರಯ್ಯ.

"ಇಲ್ಲ ಕಣಯ್ಯ!"

"ತಿಂದವರು ಯಾರು ಒಪ್ಕೋತಾರೆ? ತಗೊಂಡು ನಡಿ."

ಜನ ಕರಗಿದ ಮೇಲೆ ದೂರದಿಂದ ತಮ್ಮಯ್ಯ, "ಬುದ್ದಿ, ನಂದೊಂದು..." ಎಂದ. "ಇರೋ ತಮ್ಮಯ್ಯ, ತಲೆ ಧಿಂ ಅಂತಾ ಇದೆ, ನಾಳೆ ಬಾ" ಎಂದು ಈಶ್ವರಯ್ಯ ಗೋಣಿ ಮಡಿಸಿದ. ಗಂಗಯ್ಯನನ್ನು ಬಿಟ್ಟರೆ ಬಿಲ್ಲೆಯನ್ನು ಭದ್ರವಾಗಿ ಇಟ್ಟುಕೊಂಡಿದ್ದ ಒಬ್ಬನೇ ಮನುಷ್ಯ ಅವತ್ತು ಬರಿಗೈಯಲ್ಲಿ ಮನೆಗೆ ಹೋದ.

ದೀಪ ಹಚ್ಚುವ ಹೊತ್ತಿಗೆ ಊರಿನ ಮನೆಮನೆಯಲ್ಲೂ ಪೊಟ್ಟಣ ಬಿಚ್ಚಿದರು. ಮನೆಮನೆಯಿಂದಲೂ ಈಶ್ವರಯ್ಯನ ವಂಶಕ್ಕೆ ಮಂಗಳಾರತಿ ಆಯಿತು. ಯಾರ ಮಚ್ಚೂ ಅವರವರ ಮನೆಯಲ್ಲಿಲ್ಲ!

ಬುಧವಾರದಿಂದ ಊರಿನಲ್ಲಿ ಒಂದು ವಿಚಿತ್ರ ನಡೆಯಿತು. ಪಕ್ಕದ ಬೀದಿಯ ಹೊಸ್ತಿಲನ್ನು ಹದಿನೈದು ವರ್ಷದಿಂದ ತುಳಿಯದವರು ಪೊಟ್ಟಣ ಹಿಡಿದು ಮನೆಮನೆ ಅಲೆದರು. "ಇದು ನಿಮ್ದಾ ನೋಡ್ರವ್ವಾ" ಎಂದು ಒಳಗೆ ಹೋದವರಿಗೆ ಮಜ್ಜಿಗೆ ಕೊಡದೆ ಕಳಿಸುವುದು ಹೇಗೆ? ಮಜ್ಜಿಗೆ ಕುಡಿದವರು ಮಕ್ಕಳ ಹೆಸರು ಕೇಳದೆ ಏಳುವುದು ಹೇಗೆ? ಗುರುವಾರದ ಹೊತ್ತಿಗೆ ಮೂವತ್ತೇಳು ಮಚ್ಚು ಯಜಮಾನರನ್ನು ಸೇರಿದವು. ಊರಿನಲ್ಲಿ ಮಜ್ಜಿಗೆ ಮುಗಿದುಹೋಗಿತ್ತು.

ಉಳಿದದ್ದು ಎರಡೇ ಮಚ್ಚು. ದೊಡ್ಡಯ್ಯನ ಹಿತ್ತಾಳೆ ಬಳೆಯ ಹಿಡಿಯ ಮಚ್ಚು ಗಂಗಯ್ಯನ ಮನೆಯಲ್ಲಿತ್ತು. ಗಂಗಯ್ಯನ ತಂತಿ ಸುತ್ತಿದ ಹಿಡಿಯ ಮಚ್ಚು ದೊಡ್ಡಯ್ಯನ ಮನೆಯಲ್ಲಿತ್ತು.

ದೊಡ್ಡಯ್ಯನಿಗೆ ಪೊಟ್ಟಣ ಬಿಚ್ಚಿದ ರಾತ್ರಿಯೇ ಜ್ಞಾನೋದಯವಾಗಿತ್ತು. "ಅವನು ನನ್ ಮಚ್ಚಲ್ಲಿ ಯಾರ್ನಾದ್ರೂ ಕಡಿದು ದಾರೀಲಿ ಬಿಸಾಕ್ತಾನೆ. ಹಿತ್ತಾಳೆ ಬಳೆ ನೋಡಿ ನನ್ನ ನೇಣಿಗಾಕ್ತಾರೆ!" ಉಪಾಯ ಒಂದೇ ಇತ್ತು. ಯಾವ ಹೊತ್ತಿನಲ್ಲಿ ಏನು ನಡೆದರೂ ತಾನು ಅಲ್ಲಿರಲಿಲ್ಲ ಎನ್ನಲು ಸಾಕ್ಷಿ ಬೇಕು. ಬೆಳಗಾಗುತ್ತಲೇ ಹೋಗಿ, ಊರೆಲ್ಲ ಓಡಾಡುವ ಅರಳಿಕಟ್ಟೆಯ ಮೂಡಣ ತುದಿಯಲ್ಲಿ ಕೂತುಬಿಟ್ಟ. ಹೋಗಿಬರುವವರನ್ನೆಲ್ಲ ಕರೆದು, "ನೋಡ್ಕಳಿ, ನಾನಿಲ್ಲೇ ಇದೀನಿ" ಎನ್ನುತ್ತಿದ್ದ. ಗಂಗಯ್ಯನೇನು ಬೇರೆ ಮಣ್ಣಿನಲ್ಲಿ ಹುಟ್ಟಿದವನೆ? ಅವನಿಗೂ ಅದೇ ಯೋಚನೆ ಬಂದಿತ್ತು. ಅವನು ಕಟ್ಟೆಯ ಪಡುವಣ ತುದಿ ಹಿಡಿದ. ಹೀಗೆ ಹನ್ನೊಂದು ವರ್ಷ ಒಬ್ಬರ ನೆರಳು ಕಂಡರೆ ಇನ್ನೊಬ್ಬರು ದಾರಿ ಬಿಡುತ್ತಿದ್ದವರು, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಕಟ್ಟೆಯ ಮೇಲೆ, ಒಬ್ಬರನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಊಟ ಅಲ್ಲಿಗೇ ಬರುತ್ತಿತ್ತು. ಒಬ್ಬ ಹಿತ್ತಲಿಗೆ ಎದ್ದರೆ ಇನ್ನೊಬ್ಬನೂ ಏಳುತ್ತಿದ್ದ.

ಶುಕ್ರವಾರ ದಫೇದಾರರು ಸೈಕಲ್ಲು ತುಳಿದು ಈಶ್ವರಯ್ಯನ ಅಂಗಡಿಗೆ ಬಂದರು.

"ಏನಯ್ಯಾ, ನಲವತ್ತು ಮಚ್ಚು ಅದಲುಬದಲು ಮಾಡಿದ್ದೀಯಂತೆ. ಇದಕ್ಕೆ ಯಾವ ಸೆಕ್ಷನ್ನು ಅಂತ ಎರಡು ದಿನದಿಂದ ಹುಡುಕ್ತಾ ಇದೀನಿ."

"ಮೂವತ್ತೊಂಬತ್ತು ಸ್ವಾಮಿ" ಎಂದ ಈಶ್ವರಯ್ಯ. "ಒಂದು ಮಾತ್ರ..." ಮೂಲೆಯಲ್ಲಿದ್ದ ತಮ್ಮಯ್ಯನ ಪೊಟ್ಟಣದ ಕಡೆ ನೋಡಿದ. ಬಾಗಿಲ ಹೊರಗೆ ತಮ್ಮಯ್ಯನೇ ನಿಂತಿದ್ದ. "ಬುದ್ದಿ, ನಂದೊಂದು..."

"ಇರೋ ಮಾರಾಯ!" ಎಂದು ದಫೇದಾರರು ಗದರಿದರು. "ಕೇಳಿಲ್ಲಿ, ಮಂಗಳವಾರ ಅಮಲ್ದಾರರೇ ಸಂತೆಗೆ ಬರ್ತಾರೆ. ಅಷ್ಟರಲ್ಲಿ ಆ ಇಬ್ಬರ ಮಚ್ಚು ಅವರವರ ಸೊಂಟ ಸೇರಿರಬೇಕು. ಇಲ್ಲದಿದ್ರೆ ಸಂತೆ ಬಾಗೂರಿಗೆ ಹೋಯ್ತು ಅಂತಲೇ ತಿಳ್ಕೋ. ನಿನ್ನನ್ನ ಎಲ್ಲಿಗೆ ಕಳಿಸೋದು ಅಂತ ಆಮೇಲೆ ನೋಡ್ತೀನಿ."

ಅವರು ಹೋದ ಮೇಲೆ ದಾಕ್ಷಾಯಣಮ್ಮ ಒಳಗಿನಿಂದ ಬಂದು ನಿಂತಳು. ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆದರಿಕೆಯಾಯಿತು. "ಸಂತೆ ಹೋದ್ರೆ ಈ ಡಬ್ಬಿಗಳನ್ನ ಇಟ್ಕೊಂಡು ಏನ್ಮಾಡೋದು?" ಎಂದು ಮೆಲ್ಲಗೆ ಕೇಳಿದಳು.

"ಸಂತೆ ಹೋಗಲ್ಲ. ಕಟ್ಟಿದವನು ನಾನು, ಬಿಚ್ಚೋನೂ ನಾನೇ" ಎಂದು ಈಶ್ವರಯ್ಯ ಹೆಗಲಿಗೆ ವಲ್ಲಿ ಹಾಕಿಕೊಂಡು ಕಟ್ಟೆಗೆ ಹೋದ.

ಮೂರು ದಿನ ಕಟ್ಟೆಯ ಆ ತುದಿಯಿಂದ ಈ ತುದಿಗೆ ಅವನು ನಡೆದ ನಡೆಗೆ ಬಾಗೂರಿಗೆ ಹತ್ತು ಸಲ ಹೋಗಿಬರಬಹುದಾಗಿತ್ತು.

"ಅವನ ಮನೆ ಬಾಗಿಲಿಗೆ ನಾನ್ ಓಗ್ಬ್ಯಾಕಾ? ನನ್ ಹೆಣ ಓಗ್ತದೆ!" ಎಂದ ದೊಡ್ಡಯ್ಯ.

"ಅವನ್ದು ನನ್ನತ್ರ ಇರೋಗಂಟ ಅವನು ಬಾಲ ಬಿಚ್ಚಕಿಲ್ಲ. ಮೊದ್ಲು ಅವನು ಕೊಡ್ಲಿ" ಎಂದ ಗಂಗಯ್ಯ.

"ನನ್ನ ಕೈಲಿ ಕೊಡಿ, ನಾನು ಮುಟ್ಟಿಸ್ತೀನಿ" ಎಂದರೆ ಇಬ್ಬರೂ ಒಂದೇ ಬಾಯಲ್ಲಿ, "ನಿನ್ ಕೈಗಾ!" ಎಂದರು. ಹನ್ನೊಂದು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಸಂಗತಿ ಅದು. ಕೊನೆಗೆ ಸೋಮವಾರ ಸಂಜೆ ಒಂದು ಒಪ್ಪಂದವಾಯಿತು: ಸಂತೆ ಮಾಳದಲ್ಲಿ, ಊರಿನ ಎದುರಿಗೆ, ಇಬ್ಬರೂ ಒಂದೇ ಗಳಿಗೆಯಲ್ಲಿ ಮಚ್ಚು ಕೊಡುವುದು.

ಮಂಗಳವಾರ ಅಮಲ್ದಾರರು ಬಂದು ಕುರ್ಚಿಯಲ್ಲಿ ಕೂತರು. ಹಿಂದೆ ದಫೇದಾರರು, ಮಗ್ಗುಲಲ್ಲಿ ಪಟೇಲರು. ಸಂತೆಯ ಜನವೆಲ್ಲ ಸುತ್ತ ನೆರೆಯಿತು. ದೊಡ್ಡಯ್ಯ ತಂತಿ ಹಿಡಿಯ ಮಚ್ಚು ಹಿಡಿದು ಬಂದ, ಗಂಗಯ್ಯ ಬಳೆಯ ಹಿಡಿಯದನ್ನು ತಂದ. ಇಬ್ಬರೂ ಎರಡು ಮಾರು ಅಂತರದಲ್ಲಿ ನಿಂತರು. ನಿಂತೇ ಇದ್ದರು.

"ಏನು ತಡ?" ಎಂದರು ಅಮಲ್ದಾರರು.

"ನೆಲಕ್ಕಿಡ್ರಪ್ಪಾ" ಎಂದ ಈಶ್ವರಯ್ಯ.

"ಅವನಿಡ್ಲಿ. ಇವನ ಮುಂದೆ ನಾನು ಬಗ್ಗಾಕಿಲ್ಲ. ಬಗ್ಗಿದ್ರೆ ಕಾಲಿಗ್ ಬಿದ್ದ ಅಂತಾನೆ" ಎಂದ ಗಂಗಯ್ಯ.

"ನಮ್ಮಪ್ಪನ್ ಆಣೆಗೂ ನಾ ಬಗ್ಗಾಕಿಲ್ಲ" ಎಂದ ದೊಡ್ಡಯ್ಯ.

ಇದು ಯಾರಿಗೂ ಹೊಳೆದಿರಲಿಲ್ಲ. ನೆಲಕ್ಕಿಡಬೇಕಾದರೆ ಬಗ್ಗಬೇಕು. ಬಗ್ಗುವುದಕ್ಕಿಂತ ಇಬ್ಬರೂ ಸಾಯಲು ಸಿದ್ಧ. ಇಬ್ಬರ ಕೈಯಲ್ಲೂ ಮಚ್ಚು ಬೇರೆ ಇದೆ. ದೊಡ್ಡಯ್ಯನ ಕೈಯ ಮಚ್ಚು ಒಂದು ಗೇಣು ಮೇಲೆದ್ದಿತು. ಅಮಲ್ದಾರರು ಕುರ್ಚಿಯ ತುದಿಗೆ ಬಂದರು. ಅವರ ಗುಮಾಸ್ತ ಲೇಖಣಿ ತೆಗೆದ. ಸಂತೆ ಹೋಯಿತು ಎನ್ನುವಷ್ಟರಲ್ಲಿ ಈಶ್ವರಯ್ಯ ಓಡಿ ಹೋಗಿ ಇಬ್ಬರ ನಡುವೆ ನಿಂತ. ಎಡಕ್ಕೊಂದು ಮಚ್ಚು, ಬಲಕ್ಕೊಂದು ಮಚ್ಚು, ನಡುವೆ ಬೆವರಿ ಕರಗುತ್ತಿದ್ದ ವಿಭೂತಿ.

"ಹಾಗಾದ್ರೆ ಕೈಯಿಂದ ಕೈಗೇ ಕೊಡಿ!" ಎಂದು ಕೂಗಿದ.

ಜನ ಹೌಹಾರಿತು. "ಅಯ್ಯೋ, ಜಗಳ ಬತ್ತದೆ ಕಣಯ್ಯ!" ಎಂದರು ಪಟೇಲರು.

"ಬರ್ಲಿ!" ಎಂದ ಈಶ್ವರಯ್ಯ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನು ಆಡುತ್ತಿದ್ದ. ಆದರೆ ಆಡುತ್ತಾ ಆಡುತ್ತಾ ಅವನಿಗೇ ಅದು ಸರಿ ಎನ್ನಿಸತೊಡಗಿತು. "ಜಗಳ ಇಲ್ಲದವರು ಕೊಟ್ಕೊಂಡ್ರೆ ತಾನೆ ಜಗಳ ಬರೋ ಭಯ? ಇವರಿಗೆ ಹನ್ನೊಂದು ವರ್ಷದ್ದು ಆಗಲೇ ಇದೆಯಲ್ಲ. ಹೊಸ ಜಗಳ ಬರ್ಲಿ. ಹೊಸದು ಬರಬೇಕಾದ್ರೆ ಹಳೇದು ಜಾಗ ಬಿಡಬೇಕೋ ಬೇಡವೋ?"

ದೊಡ್ಡಯ್ಯ ಯೋಚಿಸಿದ. ಗಂಗಯ್ಯ ಯೋಚಿಸಿದ. ಬಗ್ಗುವಂತಿಲ್ಲ, ಮೊದಲು ಕೊಡುವಂತಿಲ್ಲ. ಜಗಳ ಬಿಟ್ಟರು ಎನ್ನುವಂತೆಯೂ ಇಲ್ಲ, ಹೊಸದು ಬರುವುದು ಖಾತ್ರಿಯಾಗಿದೆ. ಇಬ್ಬರ ಮಾನಕ್ಕೂ ಧಕ್ಕೆಯಿಲ್ಲ. ಎರಡು ಕೈಗಳೂ ಒಟ್ಟಿಗೇ ಚಾಚಿದವು. ಮಚ್ಚುಗಳು ಬದಲಾದವು.

ಶಾಸ್ತ್ರ ಸುಳ್ಳಾಗಲಿಲ್ಲ. ಗಂಗಯ್ಯ ತನ್ನ ಮಚ್ಚಿನ ಬಾಯಿ ಸವರಿ ನೋಡಿ ಅರಚಿದ: "ಯಾವನ್ಲಾ ಇದ್ನ ಮಸೆದಿದ್ದು? ಬಾಯೆಲ್ಲಾ ಸವೆಸ್ಬುಟ್ಟಿದ್ದೀಯಲ್ಲಾ!"

"ಬಾಯಾ ಅದು? ಬೆಣ್ಣೇನೂ ಕುಯ್ತಿರ್ಲಿಲ್ಲ! ಮೊಂಡು ಕಬ್ಬಿಣ ಮನೇಲಿದ್ರೆ ದರಿದ್ರ ಅಂತ ಒಂದ್ರಾತ್ರಿ ಕುಂತು ಮಸೆದೀನಿ. ನಿಂಗ್ಯಾವಾಗ್ಲಾ ಮಚ್ಚು ಇಟ್ಕಳಕೆ ಬಂದಿತ್ತು? ನಿಮ್ಮಪ್ಪಂಗೂ ಬರ್ತಿರ್ಲಿಲ್ಲ!"

"ನಮ್ಮಪ್ಪ ನಿಂಗೆ ದೊಡ್ಡಪ್ಪ ಕಣ್ಲಾ! ನಿನ್ನೇ ಮಡಿಲಲ್ಲಿ ಕೂರ್ಸ್ಕಂಡು ಉಣ್ಸಿದ್ದ!"

ದಫೇದಾರರು ರುಮಾಲು ಭದ್ರಮಾಡಿಕೊಂಡು ಲಾಠಿ ಎತ್ತಿದರು. ಅಮಲ್ದಾರರು, "ಏನಿದು, ಮತ್ತೆ ಜಗಳವೆ?" ಎಂದರು.

"ಹೌದು ಮಹಾಸ್ವಾಮಿ, ಹೊಸದು" ಎಂದು ಈಶ್ವರಯ್ಯ ಹೆಮ್ಮೆಯಿಂದ ಕೈಮುಗಿದ. "ಹನ್ನೊಂದು ವರ್ಷದ ಮೇಲೆ ಮಾತಾಡ್ತಾ ಇದಾರೆ. ಅಪ್ಪಣೆಯಾದ್ರೆ ಮುಗಿಸಲಿ."

ಇಬ್ಬರೂ ಬೈದಾಡಿಕೊಳ್ಳುತ್ತಲೇ, ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ದೊಡ್ಡಪ್ಪ ಬಳಸುತ್ತಿದ್ದ ಮಸೆಗಲ್ಲು ಈಗ ಯಾರ ಮನೆಯಲ್ಲಿದೆ ಎಂದು ತೀರ್ಮಾನಿಸಲು ಊರ ಕಡೆ ಹೊರಟರು. ಅಮಲ್ದಾರರು ನಗು ತಡೆಯಲು ಕೆಮ್ಮಿದರು. ಗುಮಾಸ್ತನಿಗೆ, "ಸಂತೆ ಮುಂದುವರಿಯತಕ್ಕದ್ದು. ಮಚ್ಚಿನ ಠೇವಣಿಯೂ ಮುಂದುವರಿಯತಕ್ಕದ್ದು. ಪೊಟ್ಟಣ ಮಾತ್ರ ಕಟ್ಟತಕ್ಕದ್ದಲ್ಲ" ಎಂದು ಬರೆಸಿ ಎದ್ದರು. ಜನ ಕೇಕೆ ಹಾಕಿತು. ಯಾರೋ ಈಶ್ವರಯ್ಯನ ಕೊರಳಿಗೆ ಕನಕಾಂಬರದ ಹಾರ ಹಾಕಿದರು.

ಆಗ ದೂರದಿಂದ ಅದೇ ದನಿ ಬಂತು. "ಬುದ್ದಿ, ನಂದೊಂದು..."

ಈಶ್ವರಯ್ಯ ನಾಲಿಗೆ ಕಚ್ಚಿಕೊಂಡ. ಎಂಟು ದಿನದಿಂದ ಈ ಮನುಷ್ಯ ಮಚ್ಚಿಲ್ಲದೆ ಕೂಲಿಗೆ ಹೇಗೆ ಹೋದನೋ! ಅಂಗಡಿಗೆ ಓಡಿಹೋಗಿ ಪೊಟ್ಟಣ ತಂದು ಬಿಚ್ಚಿದ. ತಮ್ಮಯ್ಯ ಸೆರಗಿನ ಗಂಟು ಬಿಚ್ಚಿ ಅರ್ಧ ಅಳಲೆಕಾಯಿ ತೋರಿಸಿದ. ಎರಡು ಹೋಳುಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿದವು. ಇಡೀ ಠೇವಣಿಯಲ್ಲಿ ಸರಿಯಾಗಿ ನಡೆದ ಒಂದೇ ವ್ಯವಹಾರ ಅದು. ಈಶ್ವರಯ್ಯ ವಾಡಿಕೆಯಂತೆ ಮಚ್ಚನ್ನು ನೆಲಕ್ಕಿಡಲು ಬಗ್ಗಿದ.

"ನಂಗೂ ಕೈಗೇ ಕೊಡಿ ಬುದ್ದಿ" ಎಂದ ತಮ್ಮಯ್ಯ.

ಬಗ್ಗಿದವನು ಹಾಗೇ ನಿಂತ. "ಯಾಕೋ? ಕೈಗೆ ಕೊಟ್ರೆ ಜಗಳ..."

"ಹೊಸ್ದು ಬರ್ಬೇಕಾದ್ರೆ ಹಳೇದು ಜಾಗ ಬುಡ್ಬೇಕು ಅಂತ ಈಗ ನೀವೇ ಅಂದ್ರಿ. ನಮ್ದೂ ನಿಮ್ದೂ ಒಂದು ಹಳೇದು ಐತಲ್ಲ ಬುದ್ದಿ."

ಕೇಕೆ ನಿಂತಿತು. ತಮ್ಮಯ್ಯನ ಕೈ ಚಾಚಿಯೇ ಇತ್ತು. ಈಶ್ವರಯ್ಯ ಪಟೇಲರ ಕಡೆ ನೋಡಿದ. ಅವರು ಮರದ ಮೇಲಿನ ಕಾಗೆಯನ್ನು ನೋಡುತ್ತಿದ್ದರು. ಹೆಂಡತಿಯ ಕಡೆ ನೋಡಿದ. ಅವಳು ಬೇಡ ಎಂದು ತಲೆಯಾಡಿಸಿದಳು. ಈಶ್ವರಯ್ಯನಿಗೆ ನಾಚಿಕೆಯಾಯಿತು. ಹಾಸನದಲ್ಲಿ ಡವಾಲಿ ಹಾಕಿದ ಜವಾನ ತನ್ನ ಹೆಸರು, ಕುಲ ಏನೂ ಕೇಳದೆ ಬಿಲ್ಲೆಯನ್ನು ಅಂಗೈಗೇ ಇಟ್ಟಿದ್ದ. ನಾಲ್ಕೈದು ತಿಂಗಳು ಆ ಕಥೆ ಹೇಳಿದ್ದ ತಾನು ಈ ಭಾಗವನ್ನು ಒಂದು ದಿನವೂ ಹೇಳಿರಲಿಲ್ಲ.

ನೆಟ್ಟಗೆ ನಿಂತು ಮಚ್ಚನ್ನು ತಮ್ಮಯ್ಯನ ಕೈಗೆ ಕೊಟ್ಟ. ಬೆರಳಿಗೆ ಬೆರಳು ತಾಗಿತು. ತಮ್ಮಯ್ಯ ಮಚ್ಚನ್ನು ಕಣ್ಣಿಗೊತ್ತಿಕೊಂಡು, ಕೂಲಿಗೆ ಹೊತ್ತಾಯಿತೆಂದು ಹೋದ.

ಶಾಸ್ತ್ರ ಇಲ್ಲೂ ಸುಳ್ಳಾಗಲಿಲ್ಲ. ಕನಕಾಂಬರದ ಹಾರ ಹಾಕಿದವನು ಅದನ್ನು ವಾಪಸ್ ಕೇಳಿದ. ಸಂಜೆ ಮನೆಗೆ ಹೋದರೆ ದಾಕ್ಷಾಯಣಮ್ಮ ನೀರಿನ ಬಿಂದಿಗೆ ಹಿಡಿದು ಹೊಸ್ತಿಲಿಗೆ ಅಡ್ಡ ನಿಂತಿದ್ದಳು.

"ಮೊದಲು ತಲೆ ಮೇಲೆ ನೀರು ಹಾಕ್ಕೊಂಡು ಒಳಗೆ ಬನ್ನಿ."

"ಹಾಕ್ಕೊಳ್ಳಲ್ಲ" ಎಂದು ಈಶ್ವರಯ್ಯ ಜಗಲಿಯ ಮೇಲೆ ಕೂತ. "ದಿನಾ ಸಂಜೆ ದೀಪದ ಮುಂದೆ ಕೂತು ವಚನ ಹೇಳ್ತೀಯಲ್ಲ, ಅದರಲ್ಲಿ ನೀರು ಹಾಕ್ಕೋ ಅಂತ ಎಲ್ಲಿದೆ ಹೇಳು, ಹಾಕ್ಕೋತೀನಿ."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಉಣ್ಣದೆ, ಜಗಲಿಯಲ್ಲೇ ಮಲಗಿ, ಐದು ದಿನ ನಡೆಯಿತು. ಐದನೆಯ ಸಂಜೆ ದಾಕ್ಷಾಯಣಮ್ಮ ದೀಪದ ಮುಂದೆ ಕೂತವಳು ವಚನವನ್ನು ಅರ್ಧಕ್ಕೇ ನಿಲ್ಲಿಸಿದಳು. ಎದ್ದು ಬಂದು ಬಿಂದಿಗೆಯ ನೀರನ್ನು ಬಿಲ್ವದ ಗಿಡಕ್ಕೆ ಹಾಕಿದಳು. "ಎಲೆ ಹಾಕಿದೀನಿ, ಏಳಿ" ಎಂದಳು.

ಊರು ದಾಕ್ಷಾಯಣಮ್ಮನಷ್ಟು ಬೇಗ ಸೋಲಲಿಲ್ಲ. ಮುಂದಿನ ಮಂಗಳವಾರ ಅಂಗಡಿಗೆ ಹತ್ತು ಮನೆಯವರು ಬರಲಿಲ್ಲ. ಹಳೆಯದು ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ ಎಂಬುದನ್ನು ಈಶ್ವರಯ್ಯ ಅವತ್ತು ಕಲಿತ. ಆದರೂ ಸಂತೆಯ ಬಾಯಲ್ಲಿ ಗೋಣಿ ಹಾಸಿಕೊಂಡು ಕೂತ. ಜನ ಒಬ್ಬೊಬ್ಬರಾಗಿ ಬಂದು ಮಚ್ಚನ್ನು ನೆಲಕ್ಕಿಟ್ಟು ಹೋದರು. ತಮ್ಮಯ್ಯ ಈ ಸಲ ಕೊನೆಯವರೆಗೆ ಕಾಯಲಿಲ್ಲ. ಸಾಲಿನ ನಡುವೆಯೇ ಬಂದು, ಮಚ್ಚಿನ ಹಿಡಿಯನ್ನು ಮುಂದೆ ಮಾಡಿ ಕೈ ಚಾಚಿದ.

ಈಶ್ವರಯ್ಯ ಇಸಿದುಕೊಂಡು, ಮೂರು ಲವಂಗ ಎಣಿಸಿ ಅವನ ಅಂಗೈಗೆ ಹಾಕಿದ. "ತಿಂದುಬಿಟ್ಟೀಯ, ಜೋಕೆ" ಎಂದ.